ಊರಿನ ಕೆರೆ, ಮನೆಯ ಆರೋಗ್ಯ

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆಗೆ ಹೊರಟರೆ ಪುಟ್ಟೇನಹಳ್ಳಿ ಸಿಗುತ್ತದೆ. ಒಂದು ಕಾಲಕ್ಕೆ ಹೊಲ-ತೋಟಗಳ ನಡುವೆ ಇದ್ದ ಈ ಹಳ್ಳಿ ಈಗ ಬೆಂಗಳೂರಿನೊಳಗೇ ಸೇರಿಹೋಗಿದೆ. ಹಳ್ಳಿಯ ಹೆಸರಿನ ಕೆರೆ ಮಾತ್ರ ಇನ್ನೂ ಉಳಿದಿದೆ. ಬಣ್ಣದ ಕೊಕ್ಕರೆ, ಹಾವಕ್ಕಿ, ನೀರುಕಾಗೆ, ಬಕಗಳು ಇಲ್ಲಿಯ ನೀರನ್ನೂ ಮರಗಳನ್ನೂ ಆಶ್ರಯಿಸಿವೆ. ಇದನ್ನು ಗಮನಿಸಿ ರಾಜ್ಯ ಸರ್ಕಾರ 2015ರಲ್ಲಿ ಈ ಕೆರೆಯನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಮನೆ, ರಸ್ತೆ, ವಾಹನಗಳ ನಡುವೆ ಇಂಥ ಮನ್ನಣೆ ಪಡೆದ ಕೆರೆಗಳು ನಮ್ಮಲ್ಲಿ ಬಹಳ ಕಡಿಮೆ.

ಆರೋಗ್ಯದ ಅಂಕಣದಲ್ಲಿ ಕೆರೆ-ಕೊಕ್ಕರೆಗಳಿಗೆ ಏನು ಕೆಲಸ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ರಕ್ತದ ಏರೊತ್ತಡ, ಸಕ್ಕರೆ ಕಾಯಿಲೆ, ಮಕ್ಕಳ ಉಬ್ಬಸ, ನಿದ್ದೆಗೇಡು, ಡೆಂಗ್ಯೂ ಜ್ವರ ಮುಂತಾದವುಗಳಿಗೆ ನಾವು ಔಷಧಿ ಅಂಗಡಿಯಲ್ಲಿ ಉತ್ತರ ಹುಡುಕುತ್ತೇವೆ. ಆದರೆ ಇವುಗಳಲ್ಲಿ ಒಂದೊಂದಕ್ಕೂ ನಾವು ವಾಸಿಸುವ ಊರನ್ನು ಕಟ್ಟಿರುವ ರೀತಿಗೂ ಸಂಬಂಧವಿದೆ. ನೆರಳು ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಮುದುಕರು ಕೂರಲು ಕಟ್ಟೆ ಇದೆಯೇ, ಮಕ್ಕಳು ಆಡಲು ಬಯಲಿದೆಯೇ? ಇವೆಲ್ಲವೂ ಆರೋಗ್ಯದ ಪ್ರಶ್ನೆಗಳೇ.

ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಜಾರಿಗೆ ಬಂದ ತನ್ನ ಸಂವಿಧಾನದಲ್ಲಿಯೇ ಈ ಮಾತನ್ನು ಹೇಳಿದೆ. ಆರೋಗ್ಯವೆಂದರೆ ರೋಗ ಇಲ್ಲದಿರುವುದಷ್ಟೇ ಅಲ್ಲ. ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಮೂರೂ ನೆಮ್ಮದಿಯಾಗಿರುವುದು ಎಂಬುದು ಅದರ ಸಾರ.

ಹಿರಿಯರ ಊರಿನ ನಕ್ಷೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಊರು. ವರ್ಷವಿಡೀ ಹರಿಯುವ ನದಿ ಹತ್ತಿರದಲ್ಲಿ ಇಲ್ಲ. ಆದ್ದರಿಂದ ಹಿಂದಿನವರು ಮಳೆ ನೀರನ್ನು ತಗ್ಗಿನಲ್ಲಿ ತಡೆದು ಕೆರೆ ಕಟ್ಟಿದರು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು. ಯಲಹಂಕದ ಕೆರೆಯಿಂದ ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ ನೀರು ಇಳಿಯುವುದು ಇಂಥ ಒಂದು ಸರಪಳಿ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಹೂಳೆತ್ತಿದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತಿತ್ತು.

ಕೆರೆಯ ಜೊತೆಗೇ ಗುಂಡುತೋಪು, ಅರಳಿಕಟ್ಟೆ, ಗೋಮಾಳ, ದೇವಸ್ಥಾನದ ಕಲ್ಯಾಣಿಗಳೂ ಇದ್ದವು. ಕೆರೆ ತುಂಬಿದಾಗ ಬಾಗಿನ ಕೊಡುವುದು, ಗಂಗೆಪೂಜೆ, ತೆಪ್ಪೋತ್ಸವ ಇವೆಲ್ಲ ಹಬ್ಬದ ಸಂಭ್ರಮ ಮಾತ್ರ ಆಗಿರಲಿಲ್ಲ. ಇಡೀ ಊರು ವರ್ಷಕ್ಕೊಮ್ಮೆ ಕೆರೆಯ ಏರಿಯ ಮೇಲೆ ನಿಂತು ನೀರು ಎಷ್ಟಿದೆ, ಹೇಗಿದೆ ಎಂದು ಕಣ್ಣಾರೆ ನೋಡುವ ಸಂದರ್ಭವೂ ಆಗಿತ್ತು. ನೀರನ್ನು ಪೂಜಿಸುವವರು ಅದಕ್ಕೆ ಹೊಲಸು ಬಿಡಲು ಹಿಂಜರಿಯುತ್ತಿದ್ದರು. ಪ್ರಕೃತಿ, ಸಂಸ್ಕೃತಿ, ಆರೋಗ್ಯ ಮೂರನ್ನೂ ಜೋಡಿಸಿ ನಗರ ಕಟ್ಟಬೇಕೆಂದು ಈಗ ತಜ್ಞರು ಹೇಳುತ್ತಾರೆ. ನಮ್ಮ ಹಳೆಯ ಊರುಗಳಲ್ಲಿ ಆ ಜೋಡಣೆ ಬಹುಮಟ್ಟಿಗೆ ಇತ್ತು. ಹಾಗೆಂದು ಹಿಂದಿನದೆಲ್ಲವೂ ಚೆನ್ನಾಗಿತ್ತು ಎಂದಲ್ಲ. ಆ ಕಟ್ಟೆ, ಆ ನೀರು ಎಲ್ಲ ಜಾತಿಯವರಿಗೂ ಸಮನಾಗಿ ಸಿಗುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ನಗರ ಬೆಳೆದಂತೆ ಈ ನಕ್ಷೆ ಅಳಿಸುತ್ತ ಬಂತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಬಹುಭಾಗದ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ. ಕೆರೆಗಳನ್ನು ಉಳಿಸುವ ಬಗೆ ಹೇಗೆಂದು ತಿಳಿಯಲು ಸರ್ಕಾರ 1985ರಲ್ಲಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಒತ್ತುವರಿ ತೆಗೆಯಬೇಕು, ಕೊಳಚೆ ನೀರು ಕೆರೆಗೆ ಸೇರದಂತೆ ತಡೆಯಬೇಕು ಎಂದು ಆ ಸಮಿತಿ ಅಂದೇ ಹೇಳಿತ್ತು.

ಪ್ಲೇಗು ಕಲಿಸಿದ ಪಾಠ

ಊರಿನ ವಿನ್ಯಾಸಕ್ಕೂ ಆರೋಗ್ಯಕ್ಕೂ ಇರುವ ನಂಟನ್ನು ಬೆಂಗಳೂರು ಒಮ್ಮೆ ಕಹಿಯಾಗಿಯೇ ಕಲಿತಿದೆ. 1898ರಲ್ಲಿ ನಗರಕ್ಕೆ ಪ್ಲೇಗು ಬಂತು. ಗಾಳಿ-ಬೆಳಕಿಲ್ಲದ ಇಕ್ಕಟ್ಟಿನ ಮನೆಗಳಲ್ಲಿ, ಇಲಿ-ಹೆಗ್ಗಣಗಳು ತುಂಬಿದ್ದ ಪೇಟೆಯ ಓಣಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. ಆ ಹೊತ್ತಿನಲ್ಲಿ ಬೆಳೆದ ಬಡಾವಣೆಗಳೇ ಮಲ್ಲೇಶ್ವರ ಮತ್ತು ಬಸವನಗುಡಿ. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಖಾಲಿ ಜಾಗ, ಹಿಂಭಾಗದಲ್ಲಿ ಕಸ-ಕೊಳಕು ಸಾಗಿಸಲು ಪ್ರತ್ಯೇಕ ಓಣಿ, ನಡುವೆ ಉದ್ಯಾನ, ರಸ್ತೆಯ ಇಕ್ಕೆಲದಲ್ಲಿ ಮರ. ಆ ಎರಡು ಬಡಾವಣೆಗಳಲ್ಲಿ ಇಂದಿಗೂ ನಡೆದಾಡುವುದು ಹಿತವೆನಿಸಿದರೆ ಅದರ ಹಿಂದೆ ಒಂದು ಮಹಾಮಾರಿಯ ನೆನಪಿದೆ.

ಅಂದು ಭಯ ಪ್ಲೇಗಿನದಾಗಿತ್ತು. ಇಂದು ನಮ್ಮನ್ನು ಕಾಡುವ ಕಾಯಿಲೆಗಳು ಬೇರೆ. ಆದರೆ ಬಿಸಿಲು, ಧೂಳು, ಕೊಳಚೆ, ಕೂತಲ್ಲೇ ಕೂರುವ ಬದುಕು, ಒಂಟಿತನ ಇವೆಲ್ಲವೂ ಊರಿನ ವಿನ್ಯಾಸದಿಂದ ಹೆಚ್ಚಾಗಬಲ್ಲವು, ಕಡಿಮೆಯೂ ಆಗಬಲ್ಲವು.

ನೆರಳು ಮತ್ತು ತಂಪು

ಬೆಂಗಳೂರಿನ ತಂಪು ಎಂಬ ಮಾತು ಬೇಸಿಗೆಯಲ್ಲಿ ಹಳೆಯ ಕಥೆಯಾಗುತ್ತಿದೆ. 2016ರ ಏಪ್ರಿಲ್‌ನಲ್ಲಿ ಇಲ್ಲಿಯ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಕಾಂಕ್ರೀಟು ಮತ್ತು ಡಾಂಬರು ಹಗಲೆಲ್ಲ ಬಿಸಿಲನ್ನು ಹೀರಿ ರಾತ್ರಿ ಹೊತ್ತು ನಿಧಾನವಾಗಿ ಹೊರಬಿಡುತ್ತವೆ. ಹೀಗಾಗಿ ದೇಹಕ್ಕೆ ರಾತ್ರಿಯೂ ವಿಶ್ರಾಂತಿ ಸಿಗುವುದಿಲ್ಲ. ವಯಸ್ಸಾದವರು, ಹಸುಗೂಸುಗಳು, ಗರ್ಭಿಣಿಯರು, ಹೃದಯ ಮತ್ತು ಮೂತ್ರಪಿಂಡದ ತೊಂದರೆ ಇರುವವರು, ಬಿಸಿಲಿನಲ್ಲಿ ದುಡಿಯುವವರು ಇದರಿಂದ ಹೆಚ್ಚು ಬಳಲುತ್ತಾರೆ.

ಮರ ಮತ್ತು ನೀರು ತಂಪು ಕೊಡುವುದು ಹೇಗೆ? ನಮ್ಮ ಬೆವರು ಆರುವಾಗ ಮೈ ತಂಪಾಗುತ್ತದೆಯಲ್ಲವೇ, ಹಾಗೆಯೇ. ಎಲೆಗಳಿಂದ ಹೊರಬರುವ ನೀರು ಮತ್ತು ಕೆರೆಯ ಮೇಲ್ಮೈಯ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ತೆಗೆದುಕೊಳ್ಳುತ್ತವೆ. ಮರವು ಇದರೊಂದಿಗೆ ನೆರಳನ್ನೂ ಕೊಡುತ್ತದೆ. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೂ ತಂಪಾಗಿತ್ತು. ಡಾಂಬರಿನ ಮೇಲ್ಮೈಯಲ್ಲಂತೂ 27.5 ಡಿಗ್ರಿಯವರೆಗೂ ವ್ಯತ್ಯಾಸ ಕಂಡಿತು. ಬಿಸಿಲಿನಲ್ಲಿ ತರಕಾರಿ ಗಾಡಿ ತಳ್ಳುವವರಿಗೆ, ಬಸ್ಸಿಗೆ ಕಾಯುವ ಗರ್ಭಿಣಿಗೆ, ಶಾಲೆಯಿಂದ ನಡೆದು ಬರುವ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಉಸಿರು, ಕಣ್ಣು, ಮನಸ್ಸು

ಮಕ್ಕಳ ಉಬ್ಬಸದ ಬಗ್ಗೆ ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಉಬ್ಬಸ ಇದ್ದವರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರ ಹೊತ್ತಿಗೆ ಶೇ. 29.5ಕ್ಕೆ ಏರಿತ್ತು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವೇ ಹೊರತು ಊರಿನ ಎಲ್ಲ ಮಕ್ಕಳದ್ದಲ್ಲ. ಆದರೂ ಇಪ್ಪತ್ತು ವರ್ಷಗಳಲ್ಲಿ ಆದ ಈ ಏರಿಕೆ ಯೋಚಿಸುವಂಥದ್ದು. ವಾಹನದ ಹೊಗೆ, ರಸ್ತೆಯ ಧೂಳು, ಗಾಳಿಯಾಡದ ಮನೆ ಇವುಗಳಿಂದ ಸೂಕ್ಷ್ಮ ಶ್ವಾಸನಾಳಗಳು ಕೆರಳುತ್ತವೆ. ಮರಗಳು ಧೂಳಿನಲ್ಲಿ ಸ್ವಲ್ಪ ಭಾಗವನ್ನು ಎಲೆಗಳಲ್ಲಿ ಹಿಡಿಯುತ್ತವೆ. ಆದರೆ ಅವು ಹೊಗೆಗೆ ಪೂರ್ತಿ ಪರಿಹಾರವಲ್ಲ. ಹೊಗೆಯನ್ನು ಹುಟ್ಟಿದಲ್ಲೇ ತಗ್ಗಿಸಬೇಕು. ಅದಕ್ಕೆ ನಡೆಯಲು ಯೋಗ್ಯವಾದ ಕಾಲುದಾರಿ ಮತ್ತು ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಬೇಕು.

ಕಣ್ಣಿನ ವಿಷಯವೂ ಹಾಗೆಯೇ. ಸಣ್ಣ ವಯಸ್ಸಿಗೇ ಕನ್ನಡಕ ಬರುತ್ತಿರುವುದನ್ನು ನೀವು ನೋಡುತ್ತಿದ್ದೀರಿ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲವು ಶಾಲೆಗಳ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಾಂಗಣದ ತರಗತಿ ಮಾಡಿದರು. ಮೂರು ವರ್ಷಗಳಲ್ಲಿ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ಹಗಲು ಬೆಳಕಿನಲ್ಲಿ ಆಡಲು ಬಯಲು ಇರುವುದೂ ಕಣ್ಣಿನ ರಕ್ಷಣೆಯೇ ಎಂದಾಯಿತು.

ಮನಸ್ಸಿನ ಮಾತಿಗೆ ಬರೋಣ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಅರ್ಧದಷ್ಟು ಮಂದಿಯ ಹಾಸಿಗೆಯ ಪಕ್ಕದ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರು. ಅವರಿಗೆ ಬಲವಾದ ನೋವಿನ ಮದ್ದು ಕಡಿಮೆ ಸಾಕಾಯಿತು. 1984ರಲ್ಲಿ ಪ್ರಕಟವಾದ ಈ ಸಣ್ಣ ಅಧ್ಯಯನ ಮುಂದೆ ಹಲವು ಸಂಶೋಧನೆಗಳಿಗೆ ದಾರಿ ಮಾಡಿತು. ಇಂಗ್ಲೆಂಡಿನ ಸುಮಾರು 20,000 ಜನರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಟ್ಟು 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚೆಂದು ಕಂಡುಬಂತು. ಒಂದೇ ದಿನ ಎರಡು ಗಂಟೆ ಹೋದರೂ, ದಿನಕ್ಕಿಷ್ಟು ಎಂದು ಹಂಚಿಕೊಂಡರೂ ಫಲ ಒಂದೇ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಕ್ಕರೆ ಕಾಯಿಲೆ, ಏರೊತ್ತಡ ಇರುವವರಿಗೆ ವೈದ್ಯರು ಮೊದಲು ಹೇಳುವುದು ಇದನ್ನೇ. ಆದರೆ ಒಡೆದ ಚಪ್ಪಡಿ, ಪಾದಚಾರಿ ಹಾದಿಯ ಮೇಲೇರುವ ಸ್ಕೂಟರ್, ಬೀದಿನಾಯಿಗಳ ನಡುವೆ ಎಪ್ಪತ್ತು ವರ್ಷದ ಅಜ್ಜಿ ಎಲ್ಲಿ ನಡೆಯಬೇಕು? ನಡೆಯಿರಿ ಎಂದು ಹೇಳುವುದು ವೈದ್ಯರ ಕೆಲಸ. ನಡೆಯುವಂಥ ಹಾದಿಯನ್ನು ಊರು ಕೊಡಬೇಕು.

ಕೆರೆಯೇ ಕಾಯಿಲೆ ಬಿದ್ದರೆ?

ಇಲ್ಲಿಯವರೆಗೆ ಹೇಳಿದ್ದು ಕೆರೆ ಮತ್ತು ಹಸಿರು ಚೆನ್ನಾಗಿದ್ದಾಗಿನ ಮಾತು. ಕೆರೆಯ ಸ್ವಭಾವ ಒಂದೇ: ನಾವು ಕೊಟ್ಟದ್ದನ್ನೇ ಅದು ನಮಗೆ ಹಿಂದಿರುಗಿಸುತ್ತದೆ. ಮಳೆ ನೀರು ಕೊಟ್ಟರೆ ತಂಪನ್ನೂ ಅಂತರ್ಜಲವನ್ನೂ ಕೊಡುತ್ತದೆ. ಕೊಳಚೆ ಕೊಟ್ಟರೆ ದುರ್ವಾಸನೆ ಮತ್ತು ರೋಗ ಕೊಡುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರಿ ಲೆಕ್ಕ. ನಾಲ್ವರ ಮನೆಗೆ 540 ಲೀಟರ್. ಅದರಲ್ಲಿ ಸುಮಾರು ಶೇ. 80ರಷ್ಟು, ಅಂದರೆ 430 ಲೀಟರ್‌ಗೂ ಹೆಚ್ಚು, ಬಚ್ಚಲು, ಪಾಯಿಖಾನೆ, ಪಾತ್ರೆ ತೊಳೆಯುವ ತೊಟ್ಟಿಗಳಿಂದ ಪ್ರತಿದಿನ ಹೊರಹೋಗುತ್ತದೆ. ಒಳಚರಂಡಿ ಇಲ್ಲದಿದ್ದರೆ, ಅಥವಾ ಇದ್ದೂ ಸಂಪರ್ಕ ಸರಿಯಿಲ್ಲದಿದ್ದರೆ, ಅದು ಮಳೆ ನೀರಿನ ಕಾಲುವೆ ಹಿಡಿದು ತಗ್ಗಿಗೆ ಹೋಗುತ್ತದೆ. ತಗ್ಗಿನಲ್ಲಿ ಇರುವುದು ಕೆರೆ. ಪುಟ್ಟೇನಹಳ್ಳಿಯ ಕೆರೆಗೂ ಸುತ್ತಲಿನ ವಸತಿಗಳ ಕೊಳಚೆ ಹರಿದುಬರುತ್ತದೆ ಎಂಬ ದೂರು ಹಲವು ವರ್ಷಗಳಿಂದ ಕೇಳಿಬಂದಿದೆ. ಸರ್ಕಾರದ ಮೀಸಲು ಪ್ರದೇಶ ಎಂಬ ಫಲಕ ಕೊಳಚೆ ನೀರನ್ನು ತಡೆಯಲಾರದು.

ಕೊಳಚೆ ಸೇರಿದ ಕೆರೆಯಲ್ಲಿ ಏನಾಗುತ್ತದೆ? ಮಲಮೂತ್ರ ಮತ್ತು ಸಾಬೂನಿನಲ್ಲಿರುವ ಸಾರಜನಕ, ರಂಜಕಗಳು ಕಳೆ ಮತ್ತು ಪಾಚಿಗೆ ಗೊಬ್ಬರವಾಗುತ್ತವೆ. ಅವು ಕೆರೆಯ ಮುಖವನ್ನೇ ಮುಚ್ಚುತ್ತವೆ. ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಬ್ಯಾಕ್ಟೀರಿಯಾಗಳು ಬಳಸಿಬಿಡುತ್ತವೆ, ಮೀನು ಸಾಯುತ್ತವೆ. ಮೀನು ಇಲ್ಲದಾಗ ಸೊಳ್ಳೆಯ ಮರಿಗಳನ್ನು ತಿನ್ನುವವರಿಲ್ಲ. ಬೆಳ್ಳಂದೂರು ಕೆರೆ 2015ರಲ್ಲಿ ರಸ್ತೆಗೆ ನೊರೆ ಉಕ್ಕಿಸಿದ್ದು, 2017 ಮತ್ತು 2018ರಲ್ಲಿ ಬೆಂಕಿ ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು.

ಕಣ್ಣಿಗೆ ಕಾಣದ ಅಪಾಯ ಇನ್ನೊಂದಿದೆ. ಕೊಳಚೆಯ ಸಾರಜನಕ ನೈಟ್ರೇಟ್ ಆಗಿ ಮಣ್ಣಿನ ಮೂಲಕ ಇಳಿದು ಕೊಳವೆಬಾವಿಯ ನೀರಿಗೆ ಸೇರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದು ಎಂಬುದು ಭಾರತೀಯ ಮಾನಕ. ಇದಕ್ಕಿಂತ ಹೆಚ್ಚಿದ್ದ ನೀರಿನಲ್ಲಿ ಪುಡಿಹಾಲು ಕಲಸಿ ಆರು ತಿಂಗಳೊಳಗಿನ ಕೂಸಿಗೆ ಕುಡಿಸಿದರೆ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿ ಕುಂದಿ ಕೂಸಿನ ತುಟಿ, ಉಗುರು ನೀಲಿಯಾಗಬಹುದು. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ; ನೀರು ಬತ್ತಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಮಳೆ ಹೆಚ್ಚಾದಾಗಿನ ಕಷ್ಟ ಬೇರೆ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದು ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮರುಕಳಿಸಿತು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಅದೇ 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ ಇದೇ ನಗರ ಟ್ಯಾಂಕರ್‌ಗಾಗಿ ಕಾದಿತ್ತು. ಒಂದೇ ವರ್ಷದಲ್ಲಿ ಬರವೂ ನೆರೆಯೂ! ಮಳೆ ನೀರಿಗೆ ಇಳಿಯಲು ಮಣ್ಣು, ಹರಿಯಲು ಕಾಲುವೆ, ನಿಲ್ಲಲು ಕೆರೆ ಇಲ್ಲದಿದ್ದರೆ ಹೀಗಾಗುತ್ತದೆ. ನೆರೆಯ ನೀರಿನಲ್ಲಿ ಚರಂಡಿ ನೀರು, ಇಲಿಯ ಮೂತ್ರ ಬೆರೆತಿರುತ್ತವೆ. ಕಾಲಿನ ಸಣ್ಣ ಗಾಯದಿಂದಲೂ ಇಲಿಜ್ವರ ಬರಬಹುದು.

ಸೊಳ್ಳೆಗೆಲ್ಲ ಕೆರೆಯೇ ಕಾರಣವೇ?

ಕೆರೆ ಇದ್ದರೆ ಡೆಂಗ್ಯೂ ಬರುತ್ತದೆ, ಮುಚ್ಚಿಬಿಡಲಿ ಎನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಸಾಮಾನ್ಯವಾಗಿ ಮನೆಯ ಒಳ-ಹೊರಗೆ ನಿಂತ ತಿಳಿ ನೀರಿನಲ್ಲಿ. ಮುಚ್ಚದ ಡ್ರಮ್ಮು, ನೆಲದಡಿಯ ತೊಟ್ಟಿ, ಹೂಕುಂಡದ ತಟ್ಟೆ, ಹಳೆಯ ಟೈರು, ಎಸೆದ ತೆಂಗಿನ ಚಿಪ್ಪು, ಕಟ್ಟಡ ಕೆಲಸದ ಗುಂಡಿ ಇವೇ ಅದರ ತೊಟ್ಟಿಲು. ಅದು ಕಚ್ಚುವುದು ಹಗಲಿನಲ್ಲಿ. ರಾತ್ರಿ ಕಿವಿಯ ಬಳಿ ಗುಂಯ್‌ಗುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕೊಳಚೆ ನೀರಿನಲ್ಲಿ, ನಿಂತ ಚರಂಡಿಯಲ್ಲಿ ಬೆಳೆಯುತ್ತದೆ. ಮೀನು, ಕಪ್ಪೆ, ಕೊಡತಿಹುಳುಗಳಿರುವ ಜೀವಂತ ಕೆರೆಯಲ್ಲಿ ಸೊಳ್ಳೆಮರಿಗಳಿಗೆ ಶತ್ರುಗಳು ಹೆಚ್ಚು.

2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈಡಿಸ್ ಮೊಟ್ಟೆ ಬೆಳೆದು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದುಮಾಡಿ ಒಳಗೋಡೆಯನ್ನು ಉಜ್ಜಿ ತೊಳೆದರೆ ಆ ಸರಪಳಿ ಕಡಿಯುತ್ತದೆ.

ಗುಣವಾದ ಕೆರೆಗಳು

ಕೆರೆಗೆ ಕಾಯಿಲೆ ಬಂದರೆ ಚಿಕಿತ್ಸೆಯೂ ಇದೆ. ಹತ್ತಿರದ ಉದಾಹರಣೆ ಜಕ್ಕೂರು. ಸುಮಾರು 160 ಎಕರೆಯ ಆ ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿ ಕೊಳಚೆ ಶುದ್ಧೀಕರಣ ಘಟಕ ನಡೆಸುತ್ತದೆ. ಆರಂಭದಲ್ಲಿ ಅದರ ಸಾಮರ್ಥ್ಯ ದಿನಕ್ಕೆ ಒಂದು ಕೋಟಿ ಲೀಟರ್. ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಮುಂತಾದ ಗಿಡಗಳಿರುವ ಆಳವಿಲ್ಲದ ಜವುಗು ನೆಲದಲ್ಲಿ ನಿಧಾನವಾಗಿ ಹರಿಯುತ್ತದೆ. ಗಿಡದ ಬೇರುಗಳೂ ಅಲ್ಲಿಯ ಸೂಕ್ಷ್ಮಜೀವಿಗಳೂ ಉಳಿದ ಸಾರಜನಕ, ರಂಜಕಗಳಲ್ಲಿ ಒಂದು ಭಾಗವನ್ನು ಹೀರಿಕೊಳ್ಳುತ್ತವೆ. ಆ ಮೇಲೆ ಕೆರೆ. ಅಲ್ಲಿ ಮೀನುಗಾರರು ಬಲೆ ಬೀಸುತ್ತಾರೆ, ಹೆಜ್ಜಾರ್ಲೆಗಳು ಬರುತ್ತವೆ, ಏರಿಯ ಮೇಲೆ ಜನ ನಡೆಯುತ್ತಾರೆ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಘಟಕ ನಿಂತರೆ ಅಥವಾ ಕಾಲುವೆಗೆ ಹೊಸ ಕೊಳಚೆ ಸೇರಿದರೆ ಕೆರೆ ಮತ್ತೆ ಹಾಸಿಗೆ ಹಿಡಿಯುತ್ತದೆ.

ಬೆಂಗಳೂರಿನ ದಕ್ಷಿಣಕ್ಕೆ ಜೆ.ಪಿ. ನಗರದ ಬಳಿ ಇನ್ನೊಂದು ಪುಟ್ಟೇನಹಳ್ಳಿ ಇದೆ, ಅಲ್ಲಿಯೂ ಒಂದು ಕೆರೆ ಇದೆ. ಆ ಕೆರೆಯ ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ನಗರಪಾಲಿಕೆಯ ಜೊತೆ ಸೇರಿ ಕೆರೆಗೆ ಜೀವ ತಂದರು. ದೂರದ ಸಿಂಗಪುರದಲ್ಲಿ 2010ರಲ್ಲಿ ತೆರೆದ ಖೂ ಟೆಕ್ ಪುವಾಟ್ ಆಸ್ಪತ್ರೆ ತನ್ನ ಪಕ್ಕದ ಯಿಶುನ್ ಕೊಳವನ್ನು ತಾನೇ ದತ್ತು ತೆಗೆದುಕೊಂಡಿತು. ರೋಗಿಗಳೂ ಅವರ ಮನೆಯವರೂ ಊರಿನವರೂ ಆ ಕೊಳದ ದಂಡೆಯಲ್ಲಿ ಅಡ್ಡಾಡುತ್ತಾರೆ. ಆಸ್ಪತ್ರೆಯೊಂದು ಕೊಳವನ್ನು ತನ್ನ ಚಿಕಿತ್ಸೆಯ ಭಾಗವೆಂದು ತಿಳಿದದ್ದು ನಾವು ಗಮನಿಸಬೇಕಾದ ಸಂಗತಿ.

ಒಂದು ಎಚ್ಚರಿಕೆ. ಕೆರೆ ಸುಧಾರಣೆ ಎಂದರೆ ಎಲ್ಲ ಕೆರೆಗಳ ಸುತ್ತ ಸಿಮೆಂಟು ಹಾದಿ, ರಾತ್ರಿಯೆಲ್ಲ ಉರಿಯುವ ದೀಪ, ಕಾರಂಜಿ ಎಂದು ತಿಳಿಯಬಾರದು. ಬಟ್ಟಲಿನಂತೆ ಕಡಿದಾಗಿ ಅಗೆದ ಕೆರೆಯಲ್ಲಿ ನೀರು ಹೆಚ್ಚು ನಿಲ್ಲಬಹುದು. ಆದರೆ ಉದ್ದ ಕಾಲಿನ ಕೊಕ್ಕರೆಗೆ ನಿಂತು ಮೀನು ಹಿಡಿಯಲು, ನೀರು ಶೋಧಿಸುವ ಗಿಡಗಳಿಗೆ ಬೇರು ಬಿಡಲು ಆಳವಿಲ್ಲದ ಅಂಚು ಬೇಕು. ಯಲಹಂಕದ ಪುಟ್ಟೇನಹಳ್ಳಿಯಂಥ ಪಕ್ಷಿಗಳ ಕೆರೆಯಲ್ಲಿ ಮನುಷ್ಯರು ಸ್ವಲ್ಪ ದೂರದಲ್ಲಿ, ಸ್ವಲ್ಪ ಮೌನವಾಗಿ ಇರುವುದೇ ಸರಿ. ಪಕ್ಷಿಗಳು ಗೂಡು ಕಟ್ಟುವ ಕೆರೆ ಒಂದು, ನಡೆದಾಡುವ ಉದ್ಯಾನ ಇನ್ನೊಂದು, ಆಟದ ಬಯಲು ಮತ್ತೊಂದು ಎಂದು ಬಡಾವಣೆಯಲ್ಲಿ ಹಂಚಿಕೆ ಇರಬೇಕು.

ಕಟ್ಟೆಯ ಮೇಲಿನ ಮಾತು

ಊರು ಎಂದರೆ ಜನರೂ ಹೌದು. ಅರಳಿಕಟ್ಟೆಯ ಮೇಲೆ ಸಂಜೆ ಕೂತು ಮಾತನಾಡುವ ನಾಲ್ಕು ಜನ ಹಿರಿಯರಲ್ಲಿ ಒಬ್ಬರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಯಾರಾದರೂ ಮನೆಗೆ ಹೋಗಿ ವಿಚಾರಿಸುತ್ತಾರೆ. ಒಂಟಿತನ ಮನಸ್ಸನ್ನಷ್ಟೇ ಅಲ್ಲ, ಹೃದಯವನ್ನೂ ಕುಗ್ಗಿಸುತ್ತದೆ ಎಂದು ವೈದ್ಯವಿಜ್ಞಾನ ಈಗ ಒಪ್ಪುತ್ತದೆ. ಹಳ್ಳಿಯ ಹಳೆಯ ನಿವಾಸಿಗಳೂ ಬಹುಮಹಡಿ ಮನೆಗಳಿಗೆ ಹೊಸದಾಗಿ ಬಂದವರೂ ಒಂದೇ ಕೆರೆಯ ದಂಡೆಯಲ್ಲಿದ್ದರೂ ಒಬ್ಬರಿಗೊಬ್ಬರು ಪರಿಚಯವಿಲ್ಲದೆ ಬಾಳುವುದುಂಟು. ಗ್ರಾಮದೇವತೆಯ ಹಬ್ಬ, ರಾಜ್ಯೋತ್ಸವ, ಗಣೇಶನ ಹಬ್ಬಗಳು ಇವರನ್ನು ಸೇರಿಸುವ ಸಂದರ್ಭಗಳು. ಗಣೇಶ ಮಾತ್ರ ಬಣ್ಣವಿಲ್ಲದ ಜೇಡಿಮಣ್ಣಿನವನಾಗಿರಲಿ, ಬಿಡುವುದು ಮನೆಯ ಬಕೆಟ್ಟಿನಲ್ಲೋ ಅದಕ್ಕೆಂದೇ ಮಾಡಿದ ಹೊಂಡದಲ್ಲೋ ಆಗಲಿ.

ನಿಮ್ಮ ಮನೆ ಎಲ್ಲಿದೆ?

ಡಚ್ ಅರಣ್ಯತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಒಂದು ಸುಲಭ ಅಳತೆ ಸೂಚಿಸಿದರು: 3, 30, 300. ನಿಮ್ಮ ಮನೆಯಿಂದ ಕನಿಷ್ಠ 3 ದೊಡ್ಡ ಮರ ಕಾಣಬೇಕು. ನಿಮ್ಮ ಬಡಾವಣೆಯ ಶೇ. 30ರಷ್ಟು ಭಾಗಕ್ಕೆ ಮರಗಳ ಕೊಡೆ ಇರಬೇಕು. 300 ಮೀಟರ್ ಒಳಗೆ ಒಂದು ಉದ್ಯಾನವೋ ಹಸಿರು ಬಯಲೋ ಸಿಗಬೇಕು. ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಈ ಪರೀಕ್ಷೆ ಮಾಡಿ ನೋಡಿ. ಕಿಟಕಿಯಿಂದ ಮರ ಎಣಿಸಲಿ, ಉದ್ಯಾನಕ್ಕೆ ಹೆಜ್ಜೆ ಎಣಿಸಲಿ. ಎಷ್ಟು ಅಂಕ ಬಂತೆಂಬುದರ ಮೇಲೆ ನಿಮ್ಮ ವಾರ್ಡಿನಲ್ಲಿ ಏನು ಕೇಳಬೇಕೆಂಬುದು ತಿಳಿಯುತ್ತದೆ.

ಕುಟುಂಬ ಮಾಡಬಹುದಾದದ್ದು

1. ನಿಮ್ಮ ಮನೆಯ ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ತಿಳಿಯಿರಿ. ಅದು ಒಳಚರಂಡಿಗೆ ಸೇರಬೇಕು, ಮಳೆ ನೀರಿನ ಕಾಲುವೆಗಲ್ಲ. ಬಹುಮಹಡಿ ವಸತಿಯಲ್ಲಿದ್ದರೆ ಶುದ್ಧೀಕರಣ ಘಟಕ ನಿಜವಾಗಿ ನಡೆಯುತ್ತಿದೆಯೇ ಎಂದು ಸಂಘದ ಸಭೆಯಲ್ಲಿ ವಿಚಾರಿಸಿ.

2. ಚರಂಡಿ ಉಕ್ಕಿದರೆ, ಕೊಳಚೆ ಕೆರೆಗೆ ಹರಿಯುವುದು ಕಂಡರೆ ಜಲಮಂಡಳಿಯ 1916 ಸಂಖ್ಯೆಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

3. ತಾರಸಿಯ ಮಳೆ ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ಬಿಡಿ. ಮನೆಯ ಮುಂದಿನ ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚಬೇಡಿ.

4. ಕೊಳವೆಬಾವಿಯ ನೀರು ಕುಡಿಯುತ್ತಿದ್ದರೆ ವರ್ಷಕ್ಕೊಮ್ಮೆಯಾದರೂ ನೈಟ್ರೇಟ್ ಸೇರಿದಂತೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಕೂಸಿದ್ದರೆ ತಡಮಾಡಬೇಡಿ.

5. ವಾರದಲ್ಲಿ ಒಂದು ದಿನ ‘ಒಣ ದಿನ’ ಮಾಡಿ. ಡ್ರಮ್ಮು, ಕುಂಡದ ತಟ್ಟೆ, ಕೂಲರ್ ಎಲ್ಲವನ್ನೂ ಬರಿದುಮಾಡಿ ಉಜ್ಜಿ ಒಣಗಿಸಿ.

6. ಡೆಂಗ್ಯೂ ಶಂಕೆ ಇರುವ ಜ್ವರಕ್ಕೆ ಪ್ಯಾರಾಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಜ್ವರ ಇಳಿಯುವ ಹೊತ್ತಿಗೆ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

7. ನೆರೆ ನೀರಿನಲ್ಲಿ ನಡೆದ ಕೆಲವು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೀರಿನಲ್ಲಿ ನಡೆದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಿ.

8. ಬಿಸಿಲ ದಿನಗಳಲ್ಲಿ ಹಿರಿಯರು ಬೆಳಗಿನ ಹೊತ್ತು ನಡೆಯಲಿ. ಮೈ ಬೆಂಕಿಯಂತೆ ಸುಡುತ್ತಿದ್ದು ಮಾತು ತೊದಲಿದರೆ ನೆರಳಿಗೆ ತಂದು ನೀರು ಚಿಮುಕಿಸಿ ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಿ. ಪ್ರಜ್ಞೆ ಸರಿಯಿಲ್ಲದವರಿಗೆ ಕುಡಿಯಲು ಏನೂ ಕೊಡಬೇಡಿ.

9. ಕೆರೆಯ ಹಕ್ಕಿ-ಮೀನುಗಳಿಗೆ ಬ್ರೆಡ್ಡು, ಪುರಿ ಎಸೆಯಬೇಡಿ. ಅವುಗಳ ಆಹಾರ ನೀರಿನಲ್ಲೇ ಇದೆ; ನೀವು ಎಸೆದದ್ದು ಕೊಳೆತು ನೀರು ಕೆಡುತ್ತದೆ.

10. ಮನೆಮಂದಿಯೆಲ್ಲ ವಾರಕ್ಕೆ ಎರಡು ಗಂಟೆ ಮರ-ನೀರಿನ ಸಮೀಪ ಕಳೆಯಿರಿ. ಮೊಬೈಲು ಜೇಬಿನಲ್ಲಿರಲಿ.

ಮನೆ ಕೊಳ್ಳುವಾಗ ನಾವು ಕಾವೇರಿ ನೀರು ಬರುತ್ತದೆಯೇ, ಬಸ್ ನಿಲ್ದಾಣ ಎಷ್ಟು ದೂರ, ಶಾಲೆ ಯಾವುದು ಎಂದೆಲ್ಲ ಕೇಳುತ್ತೇವೆ. ಇನ್ನು ಮೇಲೆ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ: ಇಲ್ಲಿಯ ಮಳೆ ನೀರು ಯಾವ ಕೆರೆಗೆ ಹೋಗುತ್ತದೆ? ಇಲ್ಲಿಯ ಕೊಳಚೆ ಎಲ್ಲಿಗೆ ಹೋಗುತ್ತದೆ? ಈ ಎರಡಕ್ಕೂ ಉತ್ತರ ಬೇರೆ ಬೇರೆಯಾಗಿದ್ದರೆ ಆ ಬಡಾವಣೆಯ ಆರೋಗ್ಯಕ್ಕೆ ಆಸೆಯಿದೆ. ಎರಡಕ್ಕೂ ಒಂದೇ ಉತ್ತರವಾದರೆ ಚಿಕಿತ್ಸೆ ಬೇಕಾಗಿರುವುದು ಮೊದಲು ಊರಿಗೆ, ಆಮೇಲೆ ನಮಗೆ.